ಕೊನೆಯ ಎರಡು ಫರ್ಲಾಂಗು

ಆಂಧ್ರದ ಆದವಾನಿಯಿಂದ ಪಡುವಲಿಗೆ, ಕೌತಾಳಂ, ಹೊಳಗುಂದ, ಹಾಲಹರವಿ ಮಂಡಲಗಳ ದಿಕ್ಕಿಗೆ ಪಯಣಿಸುವವನಿಗೆ ಎರೆಹೊಲಗಳ ವಿಸ್ತಾರದ ನಡುನಡುವೆ ಕಾಣಬರುವ ಊರುಗಳಲ್ಲಿ ಹೆಂಚಿನ ಮನೆ ಅಪೂರ್ವ. ದಪ್ಪ ಗೋಡೆಗಳ ಮೇಲೆ ತೊಲೆ ಜಂತೆಗಳನ್ನು ಹಾಸಿ, ಅದರ ಮೇಲೆ ಸವಳು ಮಣ್ಣನ್ನು ಹೊದಿಸಿ ಮಟ್ಟಸ ಮಾಡಿದ ಮಾಳಿಗೆಮನೆಗಳೇ ಅಲ್ಲಿ ಹೆಚ್ಚು. ಬೇಸಗೆಯ ಇರುಳಲ್ಲಿ ಮಲಗುವುದಕ್ಕೂ, ಮೆಣಸಿನಕಾಯಿ ಒಣಹಾಕುವುದಕ್ಕೂ, ತೇರಿನ ದಿನ ಹೆಂಗಸರು ಮಕ್ಕಳು ನಿಂತು ನೋಡುವುದಕ್ಕೂ ತಲೆಮಾರುಗಳಿಂದ ಒದಗಿಬಂದ ಈ ಮಾಳಿಗೆಗೆ, ಅದನ್ನು ಕಟ್ಟಿದ ಹಿರಿಯರು ಕನಸಿನಲ್ಲಿಯೂ ಎಣಿಸಿರಲಾರದ ಹೊಸದೊಂದು ಪ್ರಯೋಜನ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಪ್ರಾಪ್ತವಾಗಿದೆ: ಅಲ್ಲಿ ಸಿಗ್ನಲ್ ಸಿಗುತ್ತದೆ.

ಹೊಳಗುಂದದ ಕಡೆಯ ಒಂದು ಊರಿನಲ್ಲಿ, ತಿಂಗಳ ಮೊದಲ ವಾರದ ಒಂದು ಬೆಳಗ್ಗೆ, ರೇಷನ್ನಿಗೆ ಬಂದವರ ಸಾಲು ಅಂಗಡಿಯ ಬಾಗಿಲಿನಲ್ಲಿರದೆ ಪಕ್ಕದ ಮನೆಯ ಏಣಿಯ ಬುಡದಲ್ಲಿ ನಿಂತಿದ್ದುದನ್ನು ಕಂಡು, ಏನೋ ಜಗಳವಿರಬೇಕೆಂದು ನಾನು ಹತ್ತಿರ ಹೋದೆ. ಜಗಳವೇನೂ ಇರಲಿಲ್ಲ. ಅಕ್ಕಿಯ ಮೂಟೆಗಳು ಕೆಳಗೆ ಅಂಗಡಿಯಲ್ಲಿದ್ದುವು. ಬೆರಳಿನ ಗುರುತು ಹಿಡಿಯುವ ಯಂತ್ರ ಮಾತ್ರ ಮಾಳಿಗೆಯ ಆಗ್ನೇಯ ಮೂಲೆಯಲ್ಲಿ, ಒಂದು ಮಗುಚಿದ ಬುಟ್ಟಿಯ ಮೇಲೆ ವಿರಾಜಮಾನವಾಗಿತ್ತು. "ಅವ್ವಾ, ಬೆರಳು ಸೆರಗಿಗೆ ಒರಿಸ್ಕೊಂಡು ಇನ್ನೊಂದ್ ಸಲ ಇಡು, ಈಗ ಟವರ್ ಬಂದೈತಿ" ಎಂದು ಅಂಗಡಿಯ ಹುಡುಗ ಅನುನಯದಿಂದ ಹೇಳುತ್ತಿದ್ದ. ಎಪ್ಪತ್ತು ದಾಟಿದ ಆ ಮುದುಕಿ, ಒಂದು ಕೈಯಲ್ಲಿ ಏಣಿಯನ್ನೂ ಇನ್ನೊಂದು ಕೈಯಲ್ಲಿ ಚೀಲವನ್ನೂ ಹಿಡಿದುಕೊಂಡು, "ಅಕ್ಕಿ ಕೆಳಗೈತಿ, ಬೆರಳು ಮೇಲೈತಿ, ನಡುವ ನಾ ಎಲ್ಲಿ ನಿಂದ್ರಲೋ ಯಪ್ಪಾ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಊರಿನಿಂದ ಹೊರಟು ಹೆದ್ದಾರಿಯ ಕಡೆಗೆ ನಡೆಯುವಾಗ, ಊರ ಹೊರಗೆ ಎರಡು ಫರ್ಲಾಂಗಿನಷ್ಟು ದೂರದ ಒಂದು ವಿದ್ಯುತ್ ಕಂಬದಲ್ಲಿ, ನೀರು ಹೊರುವ ಹೆಂಗಸರ ತಲೆಯ ಸಿಂಬೆಯ ಹಾಗೆ ಸುತ್ತಿ ನೇತುಹಾಕಿದ್ದ ಕಪ್ಪು ತಂತಿಯೊಂದು ಕಣ್ಣಿಗೆ ಬಿತ್ತು. ಅದು ಗಾಜಿನ ಎಳೆಯ ಕೇಬಲ್ಲು. ಬೆಳಕು ಅಲ್ಲಿಯವರೆಗೆ ಬಂದು, ಊರನ್ನು ನೋಡುತ್ತ ನಿಂತುಬಿಟ್ಟಿತ್ತು.

ಗ್ರಾಮಾಂತರಕ್ಕೆ ಅತಿವೇಗದ ಇಂಟರ್ನೆಟ್ಟನ್ನು ಒದಗಿಸುವ ಪ್ರಶ್ನೆಯನ್ನು ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಸಾವಿರಾರು ಕೋಟಿ ರೂಪಾಯಿಗಳ, ಲಕ್ಷಾಂತರ ಕಿಲೋಮೀಟರುಗಳ ಭಾಷೆಯಲ್ಲಿ ಚರ್ಚಿಸುತ್ತಾರೆ. ಆ ಭಾಷೆಗೂ ಸ್ಥಾನವುಂಟು. ಆದರೆ ನನ್ನ ತಿಳಿವಳಿಕೆಯಲ್ಲಿ ಈ ಪ್ರಶ್ನೆಯ ಗಂಟು ಇರುವುದು ಆ ಸಿಂಬೆ ನೇತಾಡುವ ಕಂಬಕ್ಕೂ ಊರಿನ ಮೊದಲ ಮನೆಗೂ ನಡುವಣ ಎರಡು ಫರ್ಲಾಂಗಿನಲ್ಲಿ. ಅದಕ್ಕಿಂತಲೂ ಮುಖ್ಯವಾಗಿ, ಆ ಎರಡು ಫರ್ಲಾಂಗನ್ನು ತನ್ನದೆಂದು ನೋಡಿಕೊಳ್ಳುವವನು ಯಾರು ಎಂಬುದರಲ್ಲಿ.

ಮೊದಲು ವೇಗವೆಂದರೇನೆಂಬುದನ್ನು ನಿಷ್ಕರ್ಷಿಸಿಕೊಳ್ಳೋಣ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಹರಿದರೆ ಅದು ಬ್ರಾಡ್‌ಬ್ಯಾಂಡು. 2013ರಲ್ಲಿ ಆ ಮಿತಿ 512ಕ್ಕೆ ಏರಿತು. 2023ರ ಆರಂಭದಿಂದ 2 ಮೆಗಾಬಿಟ್ಟಿಗಿಂತ ಕಡಮೆಯಾದದ್ದನ್ನು ಆ ಹೆಸರಿನಿಂದ ಕರೆಯುವಂತಿಲ್ಲ. ಸಂಖ್ಯೆಗಳು ಬರಿಯ ಸಂಖ್ಯೆಗಳಾಗಿಯೇ ಉಳಿಯಬಾರದಾದ್ದರಿಂದ ಒಂದು ಲೆಕ್ಕ ಹಾಕಿ ನೋಡಬಹುದು. ಹತ್ತನೆಯ ತರಗತಿಯ ವಿಜ್ಞಾನದ ಪಠ್ಯಪುಸ್ತಕ ನಲವತ್ತು ಎಂಬಿಯಷ್ಟು ತೂಕದ್ದೆಂದು ಇಟ್ಟುಕೊಂಡರೆ, 2004ರ ವೇಗದಲ್ಲಿ ಅದು ಇಳಿದುಬರಲು ಇಪ್ಪತ್ತೊಂದು ನಿಮಿಷ ಬೇಕು, ಅದೂ ನಡುವೆ ಎಲ್ಲಿಯೂ ಕಡಿಯದಿದ್ದರೆ. ಎರಡು ಮೆಗಾಬಿಟ್ಟಿನಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು. ನೂರು ಮೆಗಾಬಿಟ್ಟಿನಲ್ಲಿ ಮೂರು ಸೆಕೆಂಡು, ಎಂದರೆ ಕಣ್ಣು ಮಿಟುಕಿಸಿ ಕೆಮ್ಮುವಷ್ಟರಲ್ಲಿ. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ರೇಷನ್ ಅಂಗಡಿಯ ಬೆರಳಚ್ಚಿಗೆ ವೇಗ ಬೇಕಾಗಿಯೇ ಇಲ್ಲ. ಅದು ಕಳಿಸುವ ಸಂದೇಶ ಒಂದು ಸಣ್ಣ ಚಿತ್ರಕ್ಕಿಂತಲೂ ಹಗುರ. ಅದಕ್ಕೆ ಬೇಕಾದುದು ಕಡಿಯದಿರುವ ಸಂಪರ್ಕ. ವೇಗ, ನಿರಂತರತೆ ಎಂಬ ಈ ಎರಡು ಗುಣಗಳು ಬೇರೆಬೇರೆ. ಜಾಹೀರಾತುಗಳು ಮೊದಲನೆಯದನ್ನು ಮಾರುತ್ತವೆ, ಹಳ್ಳಿಯವನು ಎರಡನೆಯದಕ್ಕಾಗಿ ಏಣಿ ಹತ್ತುತ್ತಾನೆ.

ಟವರ್ ಇದೆಯಲ್ಲ, ಫೋನಿನಲ್ಲಿ ನಾಲ್ಕು ಕಡ್ಡಿ ಕಾಣುತ್ತವೆಯಲ್ಲ, ಆದರೂ ಏಕೆ ಚಕ್ರ ತಿರುಗುತ್ತದೆ ಎಂದು ಕೇಳುವವರಿಗೆ ಈ ಸೀಮೆಯಲ್ಲಿ ಉತ್ತರ ಹೇಳುವುದು ಸುಲಭ. ಏಕೆಂದರೆ ಇಲ್ಲಿ ಎಲ್ಲರಿಗೂ ಕಾಲುವೆ ಗೊತ್ತು. ತುಂಗಭದ್ರೆಯ ಅಣೆಕಟ್ಟಿನಿಂದ ಹೊರಡುವ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ಹಾಯ್ದು ಹೊಳಗುಂದ, ಆದವಾನಿ, ಎಮ್ಮಿಗನೂರುಗಳ ಕಡೆಗೆ ಬರುವಷ್ಟರಲ್ಲಿ, ಮೇಲ್ಗಡೆಯವರ ತೂಬುಗಳೂ, ತೂಬಿಲ್ಲದವರ ಪಂಪುಗಳೂ ತಮ್ಮ ಪಾಲನ್ನೂ ಅದಕ್ಕಿಂತ ತುಸು ಹೆಚ್ಚನ್ನೂ ಎತ್ತಿಕೊಂಡು, ಕೊನೆಯಂಚಿನ ಹೊಲದವನಿಗೆ ಕಾಲುವೆ ಮಾತ್ರ ಉಳಿದು ನೀರು ಇಲ್ಲದಂತಾಗುವುದು ಇಲ್ಲಿ ವರ್ಷವರ್ಷದ ಕಥೆ. ಟವರಿನ ತರಂಗವೂ ಅಂಥ ಕಾಲುವೆಯೇ. ಒಂದು ಟವರಿನಲ್ಲಿ ಹರಿಯುವುದು ಇಷ್ಟೆಂದು ಗೊತ್ತು. ಅದರ ಸುತ್ತಲಿನ ನಾಲ್ಕೈದು ಹಳ್ಳಿಗಳ ಫೋನುಗಳೆಲ್ಲವೂ ಅದನ್ನೇ ಹಂಚಿಕೊಳ್ಳಬೇಕು. ಕಡ್ಡಿಗಳು ಹೇಳುವುದು ಕಾಲುವೆ ಹತ್ತಿರವಿದೆ ಎಂಬುದನ್ನೇ ಹೊರತು ಅದರಲ್ಲಿ ನೀರಿದೆಯೆಂಬುದನ್ನಲ್ಲ. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ ನಡೆಯುವಾಗ ಲಕ್ಷೋಪಲಕ್ಷ ಜನ ಬಡಿಗೆ ದೀವಟಿಗೆಗಳೊಂದಿಗೆ ಬೆಟ್ಟದ ಸುತ್ತ ನೆರೆದಿರುತ್ತಾರೆ. ಕಡ್ಡಿಗಳೆಲ್ಲ ತುಂಬಿದ್ದರೂ ಒಂದು ಫೋಟೋ ಕೂಡ ಊರಿಗೆ ತಲಪದೆ ಹೋದ ಆ ಇರುಳಿನ ಅನುಭವ ನನಗುಂಟು. ಇದಲ್ಲದೆ ಟವರಿಗೆ ತಾನೇ ಎಲ್ಲಿಂದ ನೀರು ಬರುತ್ತದೆಂಬ ಪ್ರಶ್ನೆ ಬೇರೆ. ದೂರದ ಹಳ್ಳಿಯ ಟವರುಗಳು ಹಲವೊಮ್ಮೆ ಇನ್ನೊಂದು ಟವರಿನಿಂದ, ಅದು ಮತ್ತೊಂದರಿಂದ, ಆಕಾಶಮಾರ್ಗವಾಗಿ ಎರವಲು ಪಡೆದು ಕೆಳಗಿನವರಿಗೆ ಬಡಿಸುತ್ತವೆ. ಪ್ರತಿಯೊಂದು ಟವರಿನ ಬುಡಕ್ಕೂ ಗಾಜಿನ ಎಳೆ ಬರುವತನಕ ಈ ಎರವಲು ತಪ್ಪಿದ್ದಲ್ಲ. ಆದಕಾರಣ, ತಂತಿಯಿಲ್ಲದ ಸಂಪರ್ಕವೆಂದು ನಾವು ಹೊಗಳುವುದು ಕೂಡ ಕೊನೆಗೆ ನಿಂತಿರುವುದು ತಂತಿಯ ಮೇಲೆಯೇ.

ತಂತಿಯೆಂದರೆ ಬಹುಕಾಲ ತಾಮ್ರ. ಹಳ್ಳಿಗೆ ಟೆಲಿಫೋನು ಬಂದ ಕಥೆಯಲ್ಲಿ ಕನ್ನಡ ನಾಡಿಗೊಂದು ಪುಟವುಂಟೆಂಬುದು ಈಗ ಮರೆತುಹೋಗುತ್ತಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ, ಧೂಳು ಸೆಕೆಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಕೆಲಸಮಾಡಬಲ್ಲ ಗ್ರಾಮೀಣ ಎಕ್ಸ್‌ಚೇಂಜೊಂದನ್ನು ರೂಪಿಸಿ, 128 ಲೈನುಗಳ ಅದರ ಮೊದಲ ಯಂತ್ರವನ್ನು 1986ರ ಜುಲೈಯಲ್ಲಿ ಕಿತ್ತೂರಿನಲ್ಲಿ ಚಾಲನೆಗೆ ತಂದಿತು. ವಿದೇಶದ ಯಂತ್ರಗಳು ನಮ್ಮ ಬೇಸಗೆಗೆ ಬಾಡಿಹೋಗುತ್ತಿದ್ದ ಕಾಲದಲ್ಲಿ, ಹಳ್ಳಿಯ ಕೋಣೆ ಹೇಗಿರುತ್ತದೆಂಬುದನ್ನು ಮೊದಲು ನೋಡಿ ಆಮೇಲೆ ಯಂತ್ರವನ್ನು ರಚಿಸಿದ ಆ ವಿವೇಕ ಸಣ್ಣದಲ್ಲ. ಆದರೆ ಮಾತಿಗೆ ಸಾಲುವ ತಾಮ್ರ ಚಿತ್ರಕ್ಕೆ ಸಾಲದು. ತಾಮ್ರದಲ್ಲಿ ಹರಿಯುವ ಸಂಕೇತ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಕ್ಷೀಣಿಸುತ್ತದೆ. ನಾಲ್ಕೈದು ಕಿಲೋಮೀಟರು ದಾಟಿದ ಮೇಲೆ ಬ್ರಾಡ್‌ಬ್ಯಾಂಡು ಹೆಸರಿಗಷ್ಟೆ. ಪಟ್ಟಣದ ಓಣಿಗಳಿಗೆ ಈ ಅಳತೆ ಸಾಕಾಯಿತು. ಊರಿಗೂ ಊರಿಗೂ ನಡುವೆ ಹರದಾರಿಗಟ್ಟಲೆ ಹತ್ತಿಯ ಹೊಲವಿರುವ ಸೀಮೆಗೆ ಇದು ಎಲ್ಲಿ ಸಾಲಬೇಕು?

ಗಾಜು ಈ ತೊಡಕನ್ನು ಬಿಡಿಸಿದ ಬಗೆ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ಸೊಗಸಾದ ಅಧ್ಯಾಯ. ಗಾಜಿನ ಎಳೆಯೊಳಗೆ ಹೊಕ್ಕ ಬೆಳಕು ಅದರ ಗೋಡೆಯನ್ನು ಓರೆಯಾಗಿ ತಾಕಿದರೆ ಹೊರಬೀಳದೆ ಒಳಗೊಳಗೇ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆಂಬುದು ಹಳೆಯ ಸಂಗತಿ. ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ಲಂಡನ್ನಿನಲ್ಲಿ ಎಳೆಗಳ ಕಂತೆಯೊಂದರ ಮೂಲಕ ಚಿತ್ರವನ್ನೇ ಹಾಯಿಸಿ ತೋರಿಸಿದ್ದರು. ತೊಂದರೆಯಿದ್ದುದು ದೂರದಲ್ಲಿ. ಅಂದಿನ ಅತ್ಯುತ್ತಮ ಗಾಜಿನಲ್ಲಿಯೂ ಬೆಳಕು ಕೆಲವು ಮೀಟರುಗಳಲ್ಲಿ ಕಂದಿಹೋಗುತ್ತಿತ್ತು. ತಪ್ಪು ಬೆಳಕಿನದಲ್ಲ, ಗಾಜಿನೊಳಗಿನ ಕಶ್ಮಲದ್ದು. ಅದನ್ನು ಶೋಧಿಸಿದರೆ ಕಿಲೋಮೀಟರುಗಟ್ಟಲೆ ಸಾಗೀತು ಎಂದು 1966ರಲ್ಲಿ ವಾದಿಸಿದವರು ಚಾರ್ಲ್ಸ್ ಕಾವ್. ಆ ಮಾತಿಗಾಗಿ ಅವರಿಗೆ ನೊಬೆಲ್ ಪಾರಿತೋಷಿಕ ಬಂದುದು ನಲವತ್ತಮೂರು ವರ್ಷಗಳ ಅನಂತರ, 2009ರಲ್ಲಿ. ಅವರು ಕೇಳಿದ ಗುರಿ ಬಹು ವಿನಯದ್ದು: ಒಂದು ಕಿಲೋಮೀಟರು ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕೆಂಬುದು. 1970ರಲ್ಲಿ ಕಾರ್ನಿಂಗ್ ಸಂಸ್ಥೆಯವರು ಅದನ್ನು ಸಾಧಿಸಿದರು. ಇಂದಿನ ಎಳೆಯಲ್ಲಿ ಕಿಲೋಮೀಟರಿಗೆ ನೂರರಲ್ಲಿ ತೊಂಬತ್ತೈದು ಪಾಲು ಉಳಿಯುತ್ತದೆ. ಹದಿನೈದು ಕಿಲೋಮೀಟರು ಸಾಗಿದ ಬೆಳಕು ಇನ್ನೂ ಅರ್ಧ ಉಳಿದಿರುತ್ತದೆ. ತಲೆಗೂದಲಿನ ದಪ್ಪದ ಎಳೆ. ಅದರೊಳಗೆ ಬೆಳಕು ನಡೆಯುವ ದಾರಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಿರಿದು.

ಹಳ್ಳಿಯ ದೃಷ್ಟಿಯಿಂದ ಇದರ ಮಹತ್ವವೇನೆಂದರೆ, ಆದವಾನಿಯಂಥ ಊರಿನಲ್ಲಿ ಇಟ್ಟ ಒಂದು ಪೆಟ್ಟಿಗೆಯಿಂದ ಹೊರಟ ಒಂದೇ ಎಳೆ, ನಡುವೆ ವಿದ್ಯುತ್ತನ್ನು ಬೇಡುವ ಯಾವ ಯಂತ್ರವೂ ಇಲ್ಲದೆ, ಸುಮಾರು ಇಪ್ಪತ್ತು ಕಿಲೋಮೀಟರು ಹೋಗಿ, ಅಲ್ಲಿ ಒಂದು ಗಾಜಿನ ಕವಲಿನಲ್ಲಿ ಮೂವತ್ತೆರಡಾಗಿ ಇಲ್ಲವೆ ಅರವತ್ತನಾಲ್ಕಾಗಿ ಒಡೆದು ಅಷ್ಟು ಮನೆಗಳಿಗೆ ತಲಪಬಲ್ಲುದು. ಆ ಎಳೆಯಲ್ಲಿ ಸೆಕೆಂಡಿಗೆ ಸುಮಾರು ಎರಡೂವರೆ ಸಾವಿರ ಮೆಗಾಬಿಟ್ ಇಳಿದುಬರುತ್ತದೆ. ಮನೆಗಳೆಲ್ಲ ಅದನ್ನು ಹಂಚಿಕೊಳ್ಳುತ್ತವೆ ನಿಜ, ಇದೂ ಕಾಲುವೆಯೇ. ಆದರೆ ಇದು ತುಂಬುಕಾಲುವೆ. ಕೊನೆಯ ಮನೆಗೂ ಪಾಲು ಮಿಗುತ್ತದೆ.

ಇಷ್ಟು ಬಲ್ಲ ಗಾಜು ಈ ಸೀಮೆಗೆ ಹೊಸದೂ ಅಲ್ಲ. ಉತ್ತರದಿಂದ ಬಂದ ರೈಲುಮಾರ್ಗವೂ ಮದರಾಸಿನ ರೈಲುಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೈಕೂಡಿಸಿದಂದಿನಿಂದ ಆದವಾನಿ ಮುಂಬಯಿ ಮದರಾಸುಗಳ ಹೆದ್ದಾರಿಯಲ್ಲಿಯೇ ಇದೆ. ಇಲ್ಲಿಯ ಹತ್ತಿ ಆ ಹಳಿಗಳ ಮೇಲೆಯೇ ಹೊರದೇಶ ಕಂಡಿತು. 2000ದಲ್ಲಿ ರೈಲ್‌ಟೆಲ್ ಸಂಸ್ಥೆ ಹುಟ್ಟಿದ ಮೇಲೆ ಹಳಿಗಳ ಮಗ್ಗುಲಲ್ಲಿ ಗಾಜಿನ ಎಳೆಗಳೂ ಓಡತೊಡಗಿದುವು. ಕುಪಗಲ್, ಇಸವಿಗಳಂಥ ಚಿಕ್ಕ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ಧೂಳೆಬ್ಬಿಸಿ ಹೋಗುವುದನ್ನು ಪ್ಲಾಟ್‌ಫಾರಂ ಮೇಲೆ ನಿಂತು ನೋಡುವವರಿಗೆ, ಅದೇ ಹಳಿಯ ಬದಿಯಲ್ಲಿ ಅದಕ್ಕಿಂತ ಎಷ್ಟೋ ವೇಗದ ಗಾಡಿಯೊಂದು ಸದ್ದಿಲ್ಲದೆ, ನಿಲ್ಲದೆ ಹೋಗುತ್ತಿದೆಯೆಂಬುದು ತೋಚುವ ಸಂಗತಿಯಲ್ಲ.

ಆ ಗಾಡಿಯನ್ನು ಹಳ್ಳಿಗಳಲ್ಲಿ ನಿಲ್ಲಿಸುವ ಪ್ರಯತ್ನ ಎರಡು ದಾರಿಯಲ್ಲಿ ನಡೆಯಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಎಳೆಯನ್ನು ಮುಟ್ಟಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಆ ಯೋಜನೆಯ ಮೊದಲ ಹಂತ, ಒಂದು ಲಕ್ಷ ಪಂಚಾಯಿತಿಗಳೊಡನೆ, 2017ರ ಡಿಸೆಂಬರಿನಲ್ಲಿ ಮುಗಿಯಿತು. ಅದೇ ತಿಂಗಳ 27ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಆಂಧ್ರದ ಫೈಬರ್‌ನೆಟ್ ಯೋಜನೆಯನ್ನು ಲೋಕಾರ್ಪಣೆ ಮಾಡಿದರು. ಭಾರತ್‌ನೆಟ್ಟಿನ ಮೊದಲ ಹಂತ ಬಹುಮಟ್ಟಿಗೆ ನೆಲವನ್ನು ಅಗೆದು ಕೊಳವೆಯಲ್ಲಿ ಎಳೆಯನ್ನು ಹೂತಿತು. ಆಂಧ್ರದವರು ನೆಲದ ಗೊಡವೆಗೆ ಹೋಗದೆ, ವಿದ್ಯುತ್ ಸಬ್‌ಸ್ಟೇಷನ್ನುಗಳನ್ನೇ ಠಾಣೆಗಳಾಗಿ ಮಾಡಿಕೊಂಡು, ಮೊದಲೇ ನಿಂತಿದ್ದ ಕಂಬಗಳ ಮೇಲೆ ಸುಮಾರು 23,800 ಕಿಲೋಮೀಟರು ಕೇಬಲ್ಲನ್ನು ತೂಗುಹಾಕಿದರು. ಆಂಧ್ರದ ಯೋಜನೆಯ ಮೊದಲ ಹಂತಕ್ಕೆ 333 ಕೋಟಿ ರೂಪಾಯಿ ತಗಲಿತೆಂಬ ಲೆಕ್ಕವನ್ನು ಹಿಡಿದು ಭಾಗಿಸಿದರೆ ಕಿಲೋಮೀಟರಿಗೆ ಒಂದು ಲಕ್ಷ ನಲವತ್ತು ಸಾವಿರದಷ್ಟಾಗುತ್ತದೆ. ಆ ಕೇಬಲ್ಲಿನಲ್ಲಿ ಲೋಹದ ಅಂಶವೇ ಇಲ್ಲದ್ದರಿಂದ ವಿದ್ಯುತ್ತಿನ ಪಕ್ಕದಲ್ಲಿ ನೇತಾಡಿದರೂ ಬಾಧಕವಿಲ್ಲ. ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್ಟು, ಟೀವಿ, ಫೋನು ಮೂರೂ ಒಂದೇ ಡಬ್ಬಿಯಲ್ಲಿ ಎಂಬ ಘೋಷಣೆಯನ್ನು ಕೇಳಿ ನಮ್ಮ ಕಡೆಯ ಜನ ಮೊದಲು ನಂಬಲಿಲ್ಲ. ಆ ದರ ಬಹಳ ಕಾಲ ನಿಲ್ಲಲೂ ಇಲ್ಲ. ಆ ಯೋಜನೆಯ ಟೆಂಡರುಗಳ ಬಗ್ಗೆ ಎದ್ದ ರಾಜಕೀಯದ ವ್ಯಾಜ್ಯಗಳು ಈ ಅಂಕಣದ ವಿಷಯವಲ್ಲ.

ಕಂಬದ ದಾರಿಯನ್ನು ಆರಿಸಿದುದು ಎರೆಭೂಮಿಯ ಮಟ್ಟಿಗಂತೂ ಜಾಣತನವೇ ಎಂದು ನಾನು ತಿಳಿಯುತ್ತೇನೆ. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಹೊಗುವಷ್ಟು ಬಿರಿಯುತ್ತದೆ. ಅದರಲ್ಲಿ ಹೂತದ್ದನ್ನು ಅದು ಸುಮ್ಮನಿರಗೊಡುವುದಿಲ್ಲ. ಹೊಲದ ಬದು ಸರಿಪಡಿಸುವವನ ಜೇಸೀಬಿಗಾಗಲಿ, ನೀರಿನ ಪೈಪು ಹಾಕುವವನ ಗುದ್ದಲಿಗಾಗಲಿ ಭೂಗತವಾದ ಗಾಜಿನ ಗೌರವ ತಿಳಿಯದು. ಆದರೆ ಕಂಬಕ್ಕೂ ಅದರದೇ ಶತ್ರುಗಳುಂಟು. ಹತ್ತಿ ಬಿಡಿಸುವ ಕಾಲದಲ್ಲಿ ಆದವಾನಿಯ ಮಾರುಕಟ್ಟೆಯ ಹಾದಿಯಲ್ಲಿ ನಿಂತು ನೋಡಬೇಕು: ಬೋರೆಗಳನ್ನು ಅಟ್ಟದ ಮೇಲೆ ಅಟ್ಟದಂತೆ ಪೇರಿಸಿಕೊಂಡು, ಬಸುರಿ ಆನೆಗಳ ಹಾಗೆ ತೊನೆಯುತ್ತ ಬರುವ ಲಾರಿಗಳು ರಸ್ತೆಗೆ ಅಡ್ಡಲಾಗಿ ಜೋತುಬಿದ್ದ ತಂತಿಯನ್ನು ಎತ್ತಿಕೊಂಡು, ಏನೂ ಅರಿಯದ ಹಾಗೆ, ಮಾರುಕಟ್ಟೆಯ ಅಂಗಳಕ್ಕೆ ನಡೆದುಬಿಡುತ್ತವೆ. ವಿಚಿತ್ರವೆಂದರೆ, ಆ ಅಂಗಳದಲ್ಲಿ ಹತ್ತಿಯ ಹರಾಜು ಈ-ನಾಮ್ ಎಂಬ ಜಾಲದ ಮೂಲಕ ನಡೆಯತಕ್ಕದ್ದು. ತಾನು ಮಾರಬಂದ ಸರಕಿನ ಬೆಲೆ ಬರಬೇಕಾದ ದಾರಿಯನ್ನು ತನ್ನ ಬೋರೆಯೇ ಕಿತ್ತು ತಂದಿತೆಂಬುದು ಲಾರಿಯ ಮೇಲೆ ಕುಳಿತ ರೈತನಿಗೆ ಗೊತ್ತಾಗುವ ಬಗೆಯಾದರೂ ಎಂತು?

ಕಡಿದ ತಂತಿಯನ್ನು ಕಟ್ಟುವವನು ಯಾರು? ಈ ಪ್ರಶ್ನೆ ಬಂದಾಗ ಸರ್ಕಾರಗಳೂ ಕಂಪನಿಗಳೂ ಹಿಂದೆ ಸರಿದು, ಕೇಬಲ್ಲಿನವನೆಂದು ಊರು ಕರೆಯುವ ಒಬ್ಬ ಮನುಷ್ಯ ಮುಂದೆ ಬರುತ್ತಾನೆ. ತೊಂಬತ್ತರ ದಶಕದಲ್ಲಿ ಡಿಶ್ಶು ಹಾಕಿ ಮನೆಮನೆಗೆ ಟೀವಿಯ ವೈರು ಎಳೆದವನು, ಅಥವಾ ಅವನ ಮಗ. ಆಂಧ್ರದ ಯೋಜನೆ ಮನೆ ಮನೆಯ ಸಂಪರ್ಕವನ್ನು ಇಂಥವರ ಕೈಗೇ ಒಪ್ಪಿಸಿತು. ಕೆರೆಯ ನೀರನ್ನು ಗದ್ದೆಗೆ ಹಂಚಲು ಹಿಂದಿನವರು ನೀರುಗಂಟಿಯನ್ನು ನೇಮಿಸಿ, ಪ್ರತಿ ಹೊಲದಿಂದಲೂ ಅವನಿಗೆ ಇಷ್ಟು ಧಾನ್ಯವೆಂದು ಕಟ್ಟುಮಾಡಿದ್ದರು. ತೂಬು ಎತ್ತುವುದು, ಕಾಲುವೆಯ ಬಿಲ ಮುಚ್ಚುವುದು, ರಾತ್ರಿ ಯಾರು ನೀರು ಕದ್ದರೆಂದು ತಿಳಿದಿದ್ದೂ ಎಲ್ಲರ ಮುಂದೆ ಹೇಳದಿರುವುದು, ಇವೆಲ್ಲ ಅವನ ವೃತ್ತಿಧರ್ಮ. ಕೇಬಲ್ಲಿನವನು ಈ ಕಾಲದ ನೀರುಗಂಟಿ. ವ್ಯತ್ಯಾಸವೆಂದರೆ ಅವನಿಗೆ ಸುಗ್ಗಿಯ ಕಟ್ಟು ಇಲ್ಲ, ತಿಂಗಳ ಲೆಕ್ಕ.

ಈ ತಿಂಗಳ ಲೆಕ್ಕದಲ್ಲಿಯೇ ನನ್ನ ಮತದಲ್ಲಿ ನಿಜವಾದ ತೊಡಕಿರುವುದು. ಸಿಂಬೆ ನೇತಾಡುತ್ತಿದ್ದ ಆ ಊರಿನ ಕೇಬಲ್ಲಿನವನನ್ನು ಕೇಳಿದೆ: ಎರಡು ಫರ್ಲಾಂಗು ಎಳೆಯಲು ನಿನಗೇನು ಅಡ್ಡಿ? ಆತ ಅಂಗಡಿಯ ಗಲ್ಲೆಯಿಂದ ಉದ್ರಿ ಪುಸ್ತಕವನ್ನು ತೆಗೆದು ಮುಂದಿಟ್ಟ. ಮೊದಲ ಪುಟದಲ್ಲಿ ಮನೆಗಳ ಹೆಸರು, ಪಕ್ಕದಲ್ಲಿ ತಿಂಗಳುಗಳ ಚೌಕ. ನವೆಂಬರು ಡಿಸೆಂಬರುಗಳಲ್ಲಿ ಹತ್ತಿ ಮಾರಿದಾಗ ಚೌಕಗಳು ತುಂಬಿದ್ದುವು. ಆಮೇಲೆ ಮನೆಗೆ ಮನೆಯೇ ಗುಳೆ ಹೊರಟಿತ್ತು. ಕೋಸಿಗಿ, ಕೌತಾಳಂಗಳ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ, ಬೆಂಗಳೂರಿನ ಕಟ್ಟಡದ ಕೆಲಸಗಳಿಗೂ ಜನ ತಂಡತಂಡವಾಗಿ ಹೋಗುವುದು ಎಲ್ಲರೂ ಬಲ್ಲುದೇ. ಯುಗಾದಿಯವರೆಗೆ ಚೌಕಗಳೆಲ್ಲ ಖಾಲಿ. "ಮೇಲಿನೋರಿಗೆ ನಾ ತಿಂಗಳ ತಿಂಗಳ ಕಟ್ಟಬೇಕು ಸಾರ್, ಇವರು ನನಗ ವರ್ಷಕ್ಕೊಂದು ಸಲ ಕೊಡ್ತಾರ. ನಾ ಹೊಲದವನೋ, ಬ್ಯಾಂಕಿನವನೋ?" ಎಂದು ಅವನು ಕೇಳಿದ ಪ್ರಶ್ನೆಗೆ ದೆಹಲಿಯ ಯೋಜನಾಪತ್ರಗಳಲ್ಲಿ ಉತ್ತರವಿದ್ದುದನ್ನು ನಾನು ಕಾಣೆ. ವರಮಾನ ಸುಗ್ಗಿಯಲ್ಲಿ ಬರುವ ಜನಕ್ಕೆ ಚಂದಾ ಮಾತ್ರ ಮಾಸಮಾಸಕ್ಕೆ ಏಕಿರಬೇಕು? ವರ್ಷಕ್ಕೊಮ್ಮೆ, ಹತ್ತಿ ಮಾರಿದ ವಾರದಲ್ಲಿ, ಒಟ್ಟಿಗೆ ಕಟ್ಟಿಸಿಕೊಳ್ಳುವ ಏರ್ಪಾಡನ್ನು ಮೇಲಿನವರು ಕೇಬಲ್ಲಿನವನಿಗೂ ಅನ್ವಯಿಸಿದರೆ ಹೋಗುವ ಗಂಟೇನು? ಭಾರತ್‌ನೆಟ್ಟಿಗಾಗಿ 2023ರ ಆಗಸ್ಟಿನಲ್ಲಿ ಮಂಜೂರಾದ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಯಲ್ಲಿ ಹತ್ತು ವರ್ಷಗಳ ನಿರ್ವಹಣೆಯನ್ನೂ ಗುತ್ತಿಗೆಯೊಳಗೆ ಸೇರಿಸಿರುವುದೂ, ಎಳೆಯನ್ನು ಬಾಲದ ಹಾಗೆ ಬಿಡದೆ ಉಂಗುರದ ಹಾಗೆ ಸುತ್ತಿಸಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬರುವಂತೆ ಮಾಡಹೊರಟಿರುವುದೂ ಒಳ್ಳೆಯ ಲಕ್ಷಣಗಳು. ಎಳೆಯುವುದಕ್ಕಿಂತ ಕಾಯುವುದು ಕಷ್ಟವೆಂಬ ಅರಿವು ತಡವಾಗಿಯಾದರೂ ಮೇಲಿನವರಿಗೆ ಬಂದಂತಿದೆ.

ಈ ಅರಿವು ಈ ಸೀಮೆಗೆ ಎರಡು ಸಾವಿರದ ಮುನ್ನೂರು ವರ್ಷದಷ್ಟು ಹಳೆಯದೆಂದರೆ ಓದುಗರು ಹುಬ್ಬೇರಿಸಬಾರದು. ಪತ್ತಿಕೊಂಡದಿಂದ ಗುತ್ತಿಯ ಕಡೆಗೆ ಹೋಗುವ ಹಾದಿಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು 1929ರಲ್ಲಿ ಅನು ಘೋಷ್ ಎಂಬ ಭೂವಿಜ್ಞಾನಿ ಕಂಡುಹಿಡಿದರು. ಅಲ್ಲಿಯ ಕೆಲವು ಸಾಲುಗಳು ಎಡದಿಂದ ಬಲಕ್ಕೂ, ನಡುವಣವು ಬಲದಿಂದ ಎಡಕ್ಕೂ, ಎತ್ತು ಹೊಲ ಉಳುವ ಹಾಗೆ ತಿರುಗಿ ತಿರುಗಿ ಓಡುತ್ತವೆ. ನನ್ನ ಗಮನ ಸೆಳೆದುದು ಅದಲ್ಲ. ಬಂಡೆಯ ಮೇಲೆ ಬರೆಸಿದ ಮಾತ್ರಕ್ಕೆ ಹಳ್ಳಿಗೆ ಮಾತು ತಲಪಿತೆಂದು ಆ ಚಕ್ರವರ್ತಿ ತಿಳಿಯಲಿಲ್ಲ. ರಜ್ಜುಕನೆಂಬ ಅಧಿಕಾರಿಗೆ ಆಜ್ಞೆ ಹೋಗಬೇಕೆಂದೂ, ಅವನು ಭೇರಿ ಹೊಡೆಯಿಸಿ ಜನಪದದವರನ್ನು ಕೂಡಿಸಿ ತಿಳಿಸಬೇಕೆಂದೂ ಅಲ್ಲಿಯೇ ವಿಧಿಸಿದ್ದಾನೆ. ಪಾಟಲಿಪುತ್ರದಿಂದ ಎರ್ರಗುಡಿಯವರೆಗಿನ ನೂರಾರು ಹರದಾರಿಯನ್ನು ಕಲ್ಲು ದಾಟಿಸಿತು. ಕೊನೆಯ ಎರಡು ಫರ್ಲಾಂಗಿಗೆ ಭೇರಿಯವನು ಬೇಕಾದ.

ಇನ್ನು ಕನ್ನಡದ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿ, ಮಿಕ್ಕವು ಮೈಸೂರಿಗೆ ಹೋದುವು. ಅಂದು ಎಳೆದ ಗೆರೆಯನ್ನು ಇಂದು ಫೋನು ಕೂಡ ಪಾಲಿಸುತ್ತದೆ: ಹಗರಿಯ ದಂಡೆಯ ಹೊಲದಲ್ಲಿ ನಾಲ್ಕು ಹೆಜ್ಜೆ ಆಚೀಚೆ ಇಟ್ಟರೆ ಅದು ಒಮ್ಮೆ ಕರ್ನಾಟಕದ ವಲಯಕ್ಕೂ ಇನ್ನೊಮ್ಮೆ ಆಂಧ್ರದ ವಲಯಕ್ಕೂ ಸೇರಿಕೊಂಡು, ಮನೆಯಲ್ಲಿದ್ದವನನ್ನೇ ಪರಸ್ಥಳದವನೆಂದು ಸ್ವಾಗತಿಸುತ್ತದೆ. ರೋಮಿಂಗಿಗೆ ದುಡ್ಡು ಕಡಿಯುತ್ತಿದ್ದ ವರ್ಷಗಳಲ್ಲಿ ಇದು ತಮಾಷೆಯಾಗಿರಲಿಲ್ಲ. ಕಂಬದ ಮೇಲಿನ ಎಳೆಯೂ ಗಡಿ ದಾಟುವುದಿಲ್ಲ; ಸಿರುಗುಪ್ಪ ಕಣ್ಣಳತೆಯಲ್ಲಿದ್ದರೂ ಈ ಕಡೆಯ ಊರು ತನ್ನ ಬೆಳಕಿಗಾಗಿ ಕರ್ನೂಲಿನ ಕಡೆಗೇ ಮುಖಮಾಡಿರಬೇಕು.

ಆ ಗಡಿಗೆರೆಯಿಂದ ಒಂದು ವಿಶೇಷ ಪರಿಣಾಮವಾಗಿದೆ. ಗಡಿಯ ಈ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ತೆಲುಗು ಮಾಧ್ಯಮದ ಮಗುವಿಗೆ ಗಣಿತ ತಿಳಿಯದಿದ್ದರೆ ಆದವಾನಿಯಲ್ಲಿ ಟ್ಯೂಷನ್ನಿನ ಮನೆಗಳು ಬೇಕಾದಷ್ಟು. ಕನ್ನಡದಲ್ಲಿ ಬೀಜಗಣಿತ ಹೇಳಿಕೊಡುವವರನ್ನು ಆ ಪೇಟೆಯಲ್ಲಿ ದೀಪ ಹಿಡಿದು ಹುಡುಕಬೇಕು. ಅದೇ ಮಗು ಫೋನಿನ ಮುಂದೆ ಕುಳಿತರೆ ಧಾರವಾಡದ ಮೇಷ್ಟರೊಬ್ಬರು ಕರಿಹಲಗೆಯ ಮೇಲೆ ಅದೇ ಲೆಕ್ಕವನ್ನು ಬಿಡಿಸಿ ತೋರಿಸುತ್ತಿರುತ್ತಾರೆ. ಬೇರೆಯವರಿಗೆ ಅನುಕೂಲವಾಗಿರುವ ವಸ್ತು ಇಲ್ಲಿಯ ಕನ್ನಡದ ಮಗುವಿಗೆ ಅಗತ್ಯ. ಏಕೆಂದರೆ ಅದರ ಭಾಷೆಗೆ ಆ ಜಿಲ್ಲೆಯಲ್ಲಿ ಬಸ್ಸಿನ ದಾರಿ ಇಲ್ಲ, ತಂತಿಯ ದಾರಿಯೊಂದೇ. ಹಾಗಿದ್ದೂ ಗಡಿನಾಡಿನ ಅಭಿವೃದ್ಧಿಯ ಮಾತು ಬಂದಾಗ ನಮ್ಮವರಿಗೆ ಭವನ, ಮಹಾದ್ವಾರ, ಸಮ್ಮೇಳನಗಳೇ ಮೊದಲು ನೆನಪಾಗುವುದೇಕೋ ತಿಳಿಯದು. ಒಂದು ಮಹಾದ್ವಾರದ ಹಣದಲ್ಲಿ ಎಷ್ಟು ಶಾಲೆಗಳ ಎರಡು ಫರ್ಲಾಂಗು ಮುಗಿದೀತು!

ಆಕಾಶದ ದಾರಿಗಳೂ ತೆರೆಯುತ್ತಿವೆ. ಭೂಮಿಯಿಂದ 35,786 ಕಿಲೋಮೀಟರು ಮೇಲಿರುವ ಹಳೆಯ ಮಾದರಿಯ ಉಪಗ್ರಹಕ್ಕೆ ಹೋಗಿಬರುವಷ್ಟರಲ್ಲಿ ಮಾತು ಕಾಲು ಸೆಕೆಂಡು ತಡವಾಗುತ್ತಿತ್ತು. 550 ಕಿಲೋಮೀಟರಿನಲ್ಲಿ ಹಾರುವ ಸ್ಟಾರ್‌ಲಿಂಕಿನಂಥ ಗುಂಪುಗಳಿಗೆ ಆ ತಡವಿಲ್ಲ. 2025ರ ಜೂನಿನಲ್ಲಿ ಅದಕ್ಕೆ ನಮ್ಮಲ್ಲಿ ಪರವಾನಗಿಯೂ ದೊರೆಯಿತು. ಎಳೆಯೇ ಇಲ್ಲದೆ ಬೆಳಕನ್ನು ಗಾಳಿಯಲ್ಲಿ ಹಾಯಿಸುವ ಗೂಗಲ್ ಬಳಗದ ಪೆಟ್ಟಿಗೆಗಳಿಗಾಗಿ ಆಂಧ್ರ ಸರ್ಕಾರ 2017ರಲ್ಲಿಯೇ ಒಪ್ಪಂದ ಮಾಡಿಕೊಂಡಿತ್ತು. ಅಂಥ ಬೆಳಕು ಮುಂದೆ ಆಫ್ರಿಕದ ಕಾಂಗೋ ನದಿಯನ್ನು ಈ ದಡದಿಂದ ಆ ದಡಕ್ಕೆ ದಾಟಿತು. ಒಂಟಿ ಮನೆಗೆ, ಗುಡ್ಡದ ಊರಿಗೆ ಇವೆಲ್ಲ ವರವಾದಾವು. ಸಾಲಾಗಿ ಕಂಬಗಳಿರುವ ಬಯಲುಸೀಮೆಗೆ ಗಾಜಿಗಿಂತ ಅಗ್ಗದ್ದು, ಬಾಳಿಕೆಯದು ಬಂದೀತೆಂದು ನನಗೆ ತೋರುವುದಿಲ್ಲ.

ಕಳೆದ ಹತ್ತಿಯ ಕಾಲದಲ್ಲಿ ಆ ಊರಿನ ಹಾದಿಯಲ್ಲಿ ಮತ್ತೆ ಹೋದಾಗ, ಲಾರಿ ಕಿತ್ತ ತಂತಿಯನ್ನು ಕೂಡಿಸುತ್ತಿದ್ದ ಹುಡುಗನೊಬ್ಬ ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಕುಳಿತಿದ್ದ. ಧೂಳು ಬೀಳದ ಹಾಗೆ ಜೊತೆಗಾರ ಕೊಡೆ ಹಿಡಿದಿದ್ದ. ಕಪ್ಪು ಸಿಪ್ಪೆಯನ್ನು ಸುಲಿದು, ಒಳಗಿನ ಬಣ್ಣದ ಎಳೆಗಳಿಂದ ನೀಲಿಯದನ್ನು ಆರಿಸಿ, ಮೇಲಿನ ಲೇಪವನ್ನು ಕೆರೆದು, ಸ್ಪಿರಿಟ್ಟಿನ ಬಟ್ಟೆಯಿಂದ ಒರಸಿ, ತುದಿಯನ್ನು ಟಕ್ಕನೆ ನೇರಕ್ಕೆ ಮುರಿದು, ಟಿಫಿನ್ ಡಬ್ಬಿಯಷ್ಟಿದ್ದ ಯಂತ್ರದ ಎರಡು ಕಡೆಗೂ ಒಂದೊಂದು ಎಳೆಯನ್ನು ಕೂರಿಸಿದ. ಯಂತ್ರದ ಪರದೆಯಲ್ಲಿ ಅವೆರಡೂ ಎರಡು ತೊಲೆಗಳಷ್ಟು ದಪ್ಪವಾಗಿ ಕಂಡುವು. ತಾವಾಗಿಯೇ ಸರಿದು ಎದುರುಬದುರಾದುವು. ಒಂದು ಕಿಡಿ ಹೊಳೆಯಿತು. ನಡುವಿನ ಗೆರೆ ಮಾಯವಾಯಿತು. "ಸೊನ್ನೆ ಪಾಯಿಂಟ್ ಸೊನ್ನೆ ಎರಡು" ಎಂದು ಅವನು ನಷ್ಟದ ಅಂಕವನ್ನು ಓದಿ, ಊರಿನ ಕಡೆಗೆ ಫೋನು ಮಾಡಿ, "ಅಣ್ಣಾ, ಕೆಂಪು ಲೈಟ್ ಹೋಯ್ತೇನು ನೋಡು" ಎಂದ. ಹೋಗಿತ್ತು.

ಕೇಬಲ್ಲಿನವನು ಹೇಗೋ ಸಾಲ ಮಾಡಿ ಎರಡು ಫರ್ಲಾಂಗು ಎಳೆದಿದ್ದ. ಹನ್ನೊಂದು ಮನೆಗಳೂ, ಗುಡಿಯ ಕಟ್ಟೆಯ ಪಕ್ಕದ ಅವನ ಅಂಗಡಿಯೂ ಅದಕ್ಕೆ ಸೇರಿದ್ದುವು. ಕಟ್ಟೆಯ ಮೇಲೆ ಅದೇ ಮುದುಕಿ, ಮೊಮ್ಮಗಳು ಹಿಡಿದ ಫೋನಿನಲ್ಲಿ ಗುಂಟೂರಿನ ಮೆಣಸಿನಕಾಯಿ ಹೊಲದ ನಡುವೆ ನಿಂತ ಮಗನೊಂದಿಗೆ ಮಾತಾಡುತ್ತಿದ್ದಳು; ಅವನ ಹೆಗಲ ಹಿಂದೆ ಕೆಂಪಗೆ ರಾಶಿ ಹಾಕಿದ್ದುದೂ ಕಾಣುತ್ತಿತ್ತು. ರೇಷನ್ನಿನ ಯಂತ್ರ ಈಗ ಕೆಳಗಿಳಿದಿರಬೇಕಲ್ಲ ಎಂದು ಕೇಳಿದೆ. ಇಳಿದಿರಲಿಲ್ಲ. ಅದರ ಹೊಟ್ಟೆಯೊಳಗಿರುವುದು ಸಿಮ್ಮು. ಕಟ್ಟೆಯ ವೈಫೈಯನ್ನು ಅದು ಗುರುತಿಸದು, ಗುರುತಿಸುವಂತೆ ಮಾಡಲು ಅಂಗಡಿಯವನಿಗೆ ಅಧಿಕಾರವಿಲ್ಲ. ಮುದುಕಿ ಫೋನಿನಿಂದ ತಲೆಯೆತ್ತಿ, "ಮಗ ಕೆಳಗ ಸಿಗತಾನ, ಅಕ್ಕಿಗೆ ಮಾತ್ರ ಇನ್ನೂ ಮ್ಯಾಲೇ ಹತ್ತಬೇಕು" ಎಂದು, ಮತ್ತೆ ಗುಂಟೂರಿನ ಕಡೆಗೆ ತಿರುಗಿದಳು.